ಮೂರನೇ ಮಣಿ

ಗೋಂಕರ ಕಪ್ಪೆಯ ಜಠರದಿಂದ
ನಾವು ತೆಗೆದದ್ದು ಒಂದೇ ಒಂದು ಎಳೆ.
ಇಪ್ಪತ್ತೆಂಟು ಮಣಿ. ಹೆಸರು ಗ್ರೆಲಿನ್.
ಕೆಲಸ, ಹಸಿವೆಯ ಸುದ್ದಿ ಮುಟ್ಟಿಸುವುದು.

ಗ್ಲೈಸಿನ್, ಲ್ಯೂಸಿನ್, ಥ್ರಿಯೊನಿನ್...
ಓದುತ್ತ ಹೋದವಳು ನಿಂತಳು ಗಂಡಸಿಯ ಹುಡುಗಿ,
ಹಾಜರಿಯಲ್ಲಿ ಚಂದನ, ಮನೆಯಲ್ಲಿ ಚೌಡಿ.
"ಮೇಡಂ, ಇಲಿಗೂ ನಮಗೂ ಮೂರನೆಯದು ಸೆರಿನ್,
ಕಪ್ಪೆಗೆ ಮಾತ್ರ ಯಾಕೆ ಬೇರೆ?"
ಗೊತ್ತಿಲ್ಲ ಅಂದೆ.
ಹಾಸನದ ಈ ಕಾಲೇಜಿನಲ್ಲಿ ಹದಿನಾರು ವರ್ಷ
ಗೊತ್ತಿಲ್ಲ ಅನ್ನುವುದನ್ನು ಕಲಿತಿದ್ದೇನೆ.

ಗೊತ್ತಿರುವುದು ಇಷ್ಟು:
ಸೆರಿನ್ ಇರಲಿ, ಥ್ರಿಯೊನಿನ್ ಇರಲಿ,
ಆ ಮೂರನೇ ಮಣಿಗೆ ಜಿಡ್ಡಿನ ಬಾಲವೊಂದು ಅಂಟಿರಬೇಕು,
ಎಂಟು ಇಂಗಾಲದ್ದು.
ಅರಸೀಕೆರೆಯ ಕೊಬ್ಬರಿ ಎಣ್ಣೆಯಲ್ಲೂ ಇದೆ ಆ ಜಿಡ್ಡು,
ಚೌಡಿಯ ಜಡೆಯಲ್ಲೂ.

ಪುಸ್ತಕದವರು ಬೀಗ, ಕೀಲಿ ಬರೆದು ತೋರಿಸುತ್ತಾರೆ.
ನಾನು ಬೋರ್ಡಿನ ಮೇಲೆ ಆ ಚಿತ್ರ ಹಾಕುವುದಿಲ್ಲ.
ಬೀಗ ಬಗ್ಗುವುದಿಲ್ಲ. ಗ್ರಾಹಕ ಬಗ್ಗುತ್ತದೆ.
ಜೀವಕೋಶದ ಪೊರೆಯನ್ನು ಏಳು ಸಲ ದಾಟಿ
ಹೊಲಿಗೆಯ ಹಾಗೆ ಕೂತಿರುತ್ತದೆ,
ಮಣಿ ತಾಕಿದೊಡನೆ ಕೊಂಚ ಸರಿಯುತ್ತದೆ,
ಜಾಗ ಕೊಟ್ಟು
ಒಳಗೆ ಮಲಗಿದವರನ್ನು ಎಬ್ಬಿಸುತ್ತದೆ.
ನಾನು ಹೇಳುವುದು ಬಳೆಯ ಲೆಕ್ಕ.

ಕಟ್ಟಿನಕೆರೆ ಮಾರ್ಕೆಟ್ಟಿನ ಮೂಲೆ. ಅಮ್ಮಿಯ ಗಾಜಿನ ಪೆಟ್ಟಿಗೆ.
ಅವಳ ಮಂಡಿಯ ಮೇಲೆ ಯಾರದೋ ಮದುವೆಯ ಕೈ.
"ಸಡ್ಲ ಬಿಡವ್ವ, ಬಿಗಿ ಹಿಡೀಬ್ಯಾಡ"
ಅನ್ನುತ್ತಲೇ ಹೆಬ್ಬೆರಳ ಬುಡ ಒಳಕ್ಕೆ ಮಡಿಸಿ,
ಗೆಣ್ಣಿಗೆ ಎಣ್ಣೆ ಸವರಿ,
ಎರಡು-ನಾಲ್ಕರ ಬಳೆಯನ್ನು ಎರಡು-ಆರರ ಕೈಗೆ ಏರಿಸಿಬಿಡುತ್ತಿದ್ದಳು.
ಗಾಜು ಬಾಗುವುದಿಲ್ಲ, ಕೈ ಬಾಗುತ್ತದೆ.
ಏರಿದ ಮೇಲೆ ಆ ಕೈಗೆ ಸದ್ದು ಬರುತ್ತದೆ.

ರಮ್ಜಾನಿನ ಹನ್ನೊಂದನೇ ರಾತ್ರಿ
ಸಾಲಗಾಮೆ ರಸ್ತೆಯ ಟ್ರಾನ್ಸ್‌ಫಾರ್ಮರ್ ಸಿಡಿದು
ಲ್ಯಾಬಿನ ಫ್ರೀಜರ್ ಆರು ಗಂಟೆ ಸತ್ತಿತ್ತು.
ಬೆಳಗ್ಗೆ ಅಟೆಂಡರ್ ಕಾಳಿಂಗಯ್ಯ
ನೆಲ ಒರೆಸಿದ ಬಟ್ಟೆಯನ್ನು ಹಿಂಡುತ್ತಲೇ ನಿಂತಿದ್ದ,
ತಪ್ಪು ತನ್ನದು ಎನ್ನುವ ಹಾಗೆ.
ತಪ್ಪು ನನ್ನದು. ನಳಿಕೆಗಳಿಗೆ
ಒಂದು ಹನಿ ಆಮ್ಲ ಹಾಕಿಡಬೇಕಿತ್ತು.

ಮಣಿ ಎಣಿಸಿದೆವು. ಇಪ್ಪತ್ತೆಂಟೂ ಇವೆ,
ಒಂದರ ಹಿಂದೆ ಒಂದು, ಸರಿಯಾಗಿ.
ತೂಕ ಮಾತ್ರ ಚೂರು ಕಮ್ಮಿ:
ಬಾಲ ಉದುರಿದೆ.
ಆದರೂ ಗ್ರಾಹಕಗಳ ಮೇಲೆ ಬಿಟ್ಟು ನೋಡಿದೆವು.
ಪರದೆಯ ಮೇಲೆ ಗೆರೆ
ಚನ್ನರಾಯಪಟ್ಟಣದ ರಸ್ತೆಯ ಹಾಗೆ ನೆಟ್ಟಗೆ ಮಲಗಿತು.
ಒಂದು ಮಿಣುಕೂ ಇಲ್ಲ.
ಸುದ್ದಿ ಇದೆ, ಮುಟ್ಟುತ್ತಿಲ್ಲ.

ಚೌಡಿ ಅತ್ತಳು. ಎರಡು ಕಪ್ಪೆ,
ಮೂರು ಸಹಿಯ ಅನುಮತಿ, ಹದಿನಾಲ್ಕು ತಿಂಗಳು.
ಅವಳ ಬಿಕ್ಕಿನ ನಡುವೆ ನನ್ನ ಹೊಟ್ಟೆ ಗುರ್ ಅಂದಿತು.
ಇಬ್ಬರಿಗೂ ನಗು ಬಂತು.
ನನಗೆ ಆಮೇಲೆ ನಾಚಿಕೆ,
ನನ್ನೊಳಗಿನ ಜಿಡ್ಡು ಅಷ್ಟು ಗಟ್ಟಿಯಾಗಿ ಅಂಟಿರುವುದಕ್ಕೆ.

ಸಂಜೆ ಪೆನ್ಷನ್ ಮೊಹಲ್ಲಾದ ಮನೆ. ಹಣ್ಣು ಹೆಚ್ಚುತ್ತ ಅಮ್ಮಿ
"ಕಪ್ಪೆಗೂ ಹಸಿವಾಗತ್ತಾ?" ಎಂದಳು.
ಆಗತ್ತೆ. ಆದರೆ ಬೇಸಿಗೆ ಮುಗಿಯೋವರೆಗೆ
ಮಣ್ಣಿನೊಳಗೆ ಏನೂ ತಿನ್ನದೆ ಕೂತಿರತ್ತೆ, ಅಂದೆ.
ಚಾಕು ನಿಂತಿತು.
"ಅಷ್ಟು ದಿನ ರೋಜಾ ಹಿಡಿದದ್ದರ ಹೊಟ್ಟೆ ಬಗೆದೆಯಲ್ಲೇ."

ಚೌಡಿಗೆ ಹೇಳಬೇಕು: ಮೊದಲು ಆಮ್ಲ, ಆಮೇಲೆ ಮಂಜು.
ಇದು ಉತ್ತರವಲ್ಲ.

ಸೈರನ್ ಆಯಿತು. ಖರ್ಜೂರ ಕೊಡಲು ನನ್ನ ಕೈ ಹಿಡಿದವಳು
ಸೊಟ್ಟಗಾದ ತನ್ನ ಬೆರಳುಗಳಿಂದ
ನನ್ನ ಹೆಬ್ಬೆರಳ ಬುಡವನ್ನು ಒತ್ತಿ ನೋಡಿದಳು,
ಬಿಡದ ಅಭ್ಯಾಸ,
ಅಳತೆಗೆ.